ಸರದಿಯ ಸಾಲು ಮತ್ತು ಶಿಫಾರಸು ಪತ್ರ

ಧರ್ಮಕೇಂದ್ರದ ಕಚೇರಿಗೆ ಬರುವ ಕೋರಿಕೆಗಳು ಹಲವು ಬಗೆಯವು. ಜ್ಞಾನಸ್ನಾನದ ದಾಖಲೆ, ವಿವಾಹದ ಘೋಷಣೆ, ಶಾಲಾ ಪ್ರವೇಶಕ್ಕೊಂದು ಪತ್ರ, ಉದ್ಯೋಗಕ್ಕಾಗಿ ನಡತೆಯ ಪ್ರಮಾಣಪತ್ರ, ಇವೆಲ್ಲ ವಾಡಿಕೆಯವು. ಇವುಗಳ ನಡುವೆ, ಹೆಚ್ಚಾಗಿ ರಾತ್ರಿಯ ಹೊತ್ತಿನಲ್ಲಿ, ದೂರವಾಣಿಯ ಮೂಲಕ ಬರುವ ಕೋರಿಕೆಯೊಂದಿದೆ: "ಫಾದರ್, ನಾವು ಆಸ್ಪತ್ರೆಯಲ್ಲಿದ್ದೇವೆ. ಮಗುವಿಗೆ ಜ್ವರ. ಬಂದು ಒಂದು ಗಂಟೆಯಾಯಿತು, ಇನ್ನೂ ಡಾಕ್ಟರರು ನೋಡಲಿಲ್ಲ. ತಾವು ಅಲ್ಲಿನ ನಿರ್ದೇಶಕ ಸ್ವಾಮಿಗಳಿಗೆ ಒಂದು ಮಾತು ಹೇಳಿದರೆ..." ವಾಕ್ಯ ಅಲ್ಲಿಗೇ ನಿಲ್ಲುತ್ತದೆ. ಉಳಿದರ್ಧವನ್ನು ನಾವೇ ಪೂರ್ತಿ ಮಾಡಿಕೊಳ್ಳಬೇಕೆಂಬುದು ನಿರೀಕ್ಷೆ.

ಈ ಕೋರಿಕೆಯ ಹಿಂದಿರುವ ತಳಮಳವನ್ನು ಯಾರೂ ಅಲ್ಲಗಳೆಯಲಾರರು. ಕೈಯಲ್ಲಿ ಕಾದ ಬಾಣಲೆಯಂತೆ ಸುಡುತ್ತಿರುವ ಮಗುವನ್ನು ಹಿಡಿದುಕೊಂಡ ತಾಯಿಗೆ ಒಂದು ಗಂಟೆಯೆಂಬುದು ಒಂದು ಯುಗ. ಆದರೂ ಅಂತಹ ಮಾತನ್ನು ಹೇಳಲು ನಾನು ಒಪ್ಪುವುದಿಲ್ಲ. ಕಾರಣವನ್ನು ಆ ಗಳಿಗೆಯಲ್ಲಿ ವಿವರಿಸುವುದು ಕಷ್ಟ. ಯಾವ ತಂದೆಯೂ ಆಗ ತತ್ವಶಾಸ್ತ್ರ ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಆದ್ದರಿಂದ ಮನೆಯ ಮಕ್ಕಳು ಸುಖವಾಗಿರುವ ಸಮಯದಲ್ಲಿ, ಸಾವಕಾಶವಾಗಿ, ಈ ಅಂಕಣದ ಮೂಲಕ ಅದನ್ನು ಹೇಳುವುದು ಲೇಸೆಂದು ತೋರಿತು. ಅದಕ್ಕಾಗಿ ಬೋಧನಾ ಆಸ್ಪತ್ರೆಯೊಂದರಲ್ಲಿ ಮಕ್ಕಳ ತುರ್ತು ಚಿಕಿತ್ಸಾ ವಿಭಾಗವನ್ನು ಮುನ್ನಡೆಸುವವರ ಕರ್ತವ್ಯ ಯಾವ ಬಗೆಯದೆಂಬುದನ್ನು ಮೊದಲು ಅರಿಯಬೇಕಾಗುತ್ತದೆ.

ಅಂತಹ ವಿಭಾಗದಲ್ಲಿ ಎಲ್ಲಕ್ಕೂ ಮುಂಚೆ ನಡೆಯುವ ಕೆಲಸ ವಿಂಗಡಣೆ. ಅದಕ್ಕೆ 'ಟ್ರಿಯಾಜ್' ಎಂಬ ಫ್ರೆಂಚ್ ಪದ ವೈದ್ಯಲೋಕದಲ್ಲಿ ರೂಢಿಯಾಗಿದೆ. ಆರಿಸುವುದು, ಬೇರ್ಪಡಿಸುವುದು ಎಂದು ಅದರ ಅರ್ಥ. ನೆಪೋಲಿಯನ್ನನ ಸೈನ್ಯದಲ್ಲಿ ಶಸ್ತ್ರವೈದ್ಯನಾಗಿದ್ದ ದೊಮಿನಿಕ್ ಲಾರೇ ಎಂಬಾತ ರಣರಂಗದಲ್ಲಿ ಒಂದು ನಿಯಮವನ್ನು ಜಾರಿಗೆ ತಂದ. ಗಾಯಾಳುವಿನ ಪದವಿಯನ್ನು ನೋಡದೆ, ಗಾಯದ ತೀವ್ರತೆಯನ್ನು ನೋಡಿ ಚಿಕಿತ್ಸೆ ನೀಡಬೇಕೆಂಬುದೇ ಆ ನಿಯಮ. ಸೇನಾಧಿಕಾರಿಯ ಬೆರಳಿನ ಗಾಯಕ್ಕಿಂತ ಸಾಮಾನ್ಯ ಸಿಪಾಯಿಯ ತುಂಡಾದ ಕಾಲು ಮೊದಲು. ಇಂದು ಇದು ಸಹಜವೆನಿಸಬಹುದು; ಅಂದು ಅದು ಸಾಮಾನ್ಯ ಧೈರ್ಯದ ಮಾತಾಗಿರಲಿಲ್ಲ.

ಪಡಿತರ ಅಂಗಡಿಯ ಮುಂದೆ ನಿಲ್ಲುವ ಸಾಲು ನ್ಯಾಯವಾದದ್ದು. ಏಕೆಂದರೆ ಅಲ್ಲಿ ನಿಂತವರೆಲ್ಲರ ಅಗತ್ಯ ಹೆಚ್ಚುಕಡಿಮೆ ಒಂದೇ. ಮೊದಲು ಬಂದವನಿಗೆ ಮೊದಲು ಎಂಬುದಕ್ಕಿಂತ ಉತ್ತಮ ನಿಯಮ ಅಲ್ಲಿ ಸಿಗದು. ಆದರೆ ತುರ್ತು ಚಿಕಿತ್ಸೆಯ ಬಾಗಿಲಲ್ಲಿ ಯಾರು ಎಷ್ಟು ಗಂಟೆಗೆ ಬಂದರೆಂಬುದು ಕೇವಲ ಆಕಸ್ಮಿಕ. ಒಬ್ಬನಿಗೆ ಆಟೋ ಸಿಕ್ಕಿತು, ಇನ್ನೊಬ್ಬಳು ಕೊನೆಯ ಬಸ್ಸಿಗಾಗಿ ಕಾದಳು. ಸಮಾನರಲ್ಲದವರನ್ನು ಸಮಾನವಾಗಿ ಕಾಣುವುದೂ ಅನ್ಯಾಯವೇ ಎಂದು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಐದನೆಯ ಪುಸ್ತಕದಲ್ಲಿ ವಾದಿಸಿದ್ದಾನೆ. ಗುರುಮಠದಲ್ಲಿ ಈ ಭಾಗವನ್ನು ಓದುವಾಗ ಭೂಮಿ ಮತ್ತು ಪದವಿಗಳ ಹಂಚಿಕೆಯ ಉದಾಹರಣೆಗಳನ್ನು ನಮಗೆ ಕೊಡುತ್ತಿದ್ದರು. ಆಸ್ಪತ್ರೆಯ ಬಾಗಿಲಿನ ಉದಾಹರಣೆ ಅದಕ್ಕಿಂತ ಹೆಚ್ಚು ಸ್ಪಷ್ಟವೆಂದು ನನ್ನ ಅಭಿಪ್ರಾಯ.

ಆಫ್ರಿಕಾ ಖಂಡದ ಆಗ್ನೇಯ ಭಾಗದಲ್ಲಿ ಮಲಾವಿ ಎಂಬ ಬಡ ದೇಶವಿದೆ. ಅಲ್ಲಿನ ಬ್ಲಾಂಟೈರ್ ನಗರಕ್ಕೆ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ಹುಟ್ಟಿದ ಸ್ಕಾಟ್ಲೆಂಡಿನ ಊರಿನ ಹೆಸರನ್ನೇ ಇಟ್ಟಿದ್ದಾರೆ. ನಗರದ ಕ್ವೀನ್ ಎಲಿಜಬೆತ್ ಕೇಂದ್ರ ಆಸ್ಪತ್ರೆ 1991ರಲ್ಲಿ ಆರಂಭವಾದ ಮಲಾವಿಯ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆಯಾಗಿತ್ತು. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಆಲ್ಡರ್ ಹೇ ಮಕ್ಕಳ ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆಯ ಅನುಭವ ಪಡೆದಿದ್ದ ಡಾ. ಎಲಿಜಬೆತ್ ಮೊಲಿನೂ ಎಂಬ ವೈದ್ಯೆ ಅಲ್ಲಿ ಮಕ್ಕಳ ವಿಭಾಗದ ನೇತೃತ್ವ ವಹಿಸಿದ್ದರು.

ಆ ಆಸ್ಪತ್ರೆಯಲ್ಲಿ 2001ಕ್ಕೆ ಮೊದಲು ಐದು ವರ್ಷದೊಳಗಿನ ಮಕ್ಕಳಿಗಾಗಿ ಒಂದೇ ಚಿಕಿತ್ಸಾಲಯವಿತ್ತು. ಚುಚ್ಚುಮದ್ದಿಗೆ ಬಂದ ಕೂಸು, ನೆಗಡಿಯ ಮಗು, ಮಲೇರಿಯಾ ನೆತ್ತಿಗೇರಿ ಪ್ರಜ್ಞೆ ತಪ್ಪಿದ ಮಗು, ಎಲ್ಲರಿಗೂ ಅದೇ ಸ್ಥಳ. ಸಿಬ್ಬಂದಿ ಅಲ್ಪ, ಜನಸಂದಣಿ ಅಪಾರ. ಒಳರೋಗಿಗಳಾಗಿ ಸೇರಿದ ಮಕ್ಕಳಲ್ಲಿ ನೂರಕ್ಕೆ 10ರಿಂದ 18 ಮಂದಿ ಸಾಯುತ್ತಿದ್ದರು. ವಿಭಾಗದವರು ತಮ್ಮ ಕೊರತೆಗಳನ್ನು ತಾವೇ ಪಟ್ಟಿಮಾಡಿದರು. ಸಿಬ್ಬಂದಿಗೆ ತುರ್ತು ಚಿಕಿತ್ಸೆ ಮತ್ತು ವಿಂಗಡಣೆಯ ತರಬೇತಿ ನೀಡಿದರು. ಕಟ್ಟಡದ ಒಳ ವಿನ್ಯಾಸವನ್ನು ಬದಲಿಸಿ, ರೋಗಿಯು ಬಾಗಿಲಿನಿಂದ ಹಾಸಿಗೆಯವರೆಗೆ ಸಾಗುವ ದಾರಿಯನ್ನು ಸರಿಪಡಿಸಿದರು. ಹೊರರೋಗಿ ವಿಭಾಗಕ್ಕೂ ವಾರ್ಡುಗಳಿಗೂ ನಿಕಟ ಸಹಕಾರವನ್ನು ಬೆಳೆಸಿದರು. 2001ರ ಜನವರಿಯಲ್ಲಿ ವಿಭಾಗವು ಮತ್ತೆ ತೆರೆಯಿತು. ಬಳಿಕ ಮರಣ ಪ್ರಮಾಣ ನೂರಕ್ಕೆ 6ರಿಂದ 8ಕ್ಕೆ ಇಳಿಯಿತು. ಈ ವಿವರವನ್ನು ಮೊಲಿನೂ ಮತ್ತು ಅವರ ಸಹೋದ್ಯೋಗಿಗಳು 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ.

ಮುಂಚೆ ಹೀಗಿತ್ತು, ಅನಂತರ ಹೀಗಾಯಿತು ಎಂಬ ಹೋಲಿಕೆಯಿಂದಲೇ ಕಾರಣವನ್ನು ನಿಶ್ಚಯಿಸಲಾಗದು ಎಂದು ತರ್ಕಶಾಸ್ತ್ರ ಬಲ್ಲವರು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದದ್ದೇ. ಒಂದು ವರ್ಷದ ಮಳೆಯಂತೆ ಇನ್ನೊಂದು ವರ್ಷದ ಮಳೆ ಇರುವುದಿಲ್ಲ. ಮಳೆಯೊಂದಿಗೆ ಮಲೇರಿಯಾ ಏರಿಳಿಯುತ್ತದೆ. ಆದರೆ ಹಿಂದಿನ ವರ್ಷಗಳ ಅತ್ಯುತ್ತಮ ಅಂಕಿಯೂ ಹೊಸ ವ್ಯವಸ್ಥೆಯ ಅತಿ ಕೆಟ್ಟ ಅಂಕಿಗಿಂತ ಕೆಟ್ಟದ್ದಾಗಿರುವಾಗ, ಅದನ್ನು ಕೇವಲ ಕಾಕತಾಳೀಯವೆಂದು ಬದಿಗೆ ಸರಿಸುವುದಕ್ಕೂ ಸಾಕ್ಷ್ಯ ಬೇಕಲ್ಲವೇ? ಹೊಸ ಔಷಧವೊಂದರ ಆವಿಷ್ಕಾರ ಇಲ್ಲಿ ನಡೆದಿಲ್ಲ. ಬಾಗಿಲಲ್ಲಿ ಯಾರು ನಿಲ್ಲಬೇಕು, ಅವರು ಏನನ್ನು ನೋಡಬೇಕು, ನೋಡಿದ ಬಳಿಕ ಯಾರನ್ನು ಕೂಗಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ನಿಶ್ಚಯವಾಗಿತ್ತು.

ಈ ವಿಧಾನವನ್ನು ಮಲಾವಿಯಲ್ಲಿಯೇ ಪ್ರಯೋಗಕ್ಕೆ ಒಳಪಡಿಸಿ, ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ತರಬೇತಿಯ ಕೈಪಿಡಿಯಾಗಿ ಹೊರತಂದಿತು. ಬರುವ ಮಕ್ಕಳನ್ನು ಮೂರು ಗುಂಪಾಗಿ ಬೇರ್ಪಡಿಸುವುದು ಇದರ ತಿರುಳು. ಉಸಿರಾಟಕ್ಕೆ ತಡೆ, ರಕ್ತಸಂಚಾರದ ಕುಸಿತ, ಪ್ರಜ್ಞೆ ತಪ್ಪಿರುವುದು, ಸೆಳವು, ಭೇದಿಯಿಂದ ದೇಹದ ನೀರು ತೀರಾ ಬತ್ತಿರುವುದು, ಇವುಗಳಲ್ಲಿ ಒಂದು ಕಂಡರೂ ಚಿಕಿತ್ಸೆ ಅಲ್ಲಿಯೇ, ಆಗಲೇ. ಹೆಸರು ಬರೆಸುವುದು ಅನಂತರ. ಎರಡನೆಯ ಗುಂಪಿನವರು ಸಾಲಿನ ಮುಂಭಾಗಕ್ಕೆ ಹೋಗತಕ್ಕವರು: ಎರಡು ತಿಂಗಳೂ ತುಂಬದ ಕೂಸು, ತೀರಾ ಸೊರಗಿದ ಮಗು, ಬಿಳಿಚಿಕೊಂಡದ್ದು, ಸುಟ್ಟ ಗಾಯದ್ದು, ವಿಷವಸ್ತು ಸೇವಿಸಿದ್ದು, ಅತಿಯಾದ ನೋವಿನಿಂದ ನರಳುವಂಥದ್ದು, ಬೇರೆ ಆಸ್ಪತ್ರೆಯಿಂದ ತುರ್ತಾಗಿ ಕಳುಹಿಸಲ್ಪಟ್ಟದ್ದು. ಉಳಿದವರೆಲ್ಲ ಮೂರನೆಯ ಗುಂಪು; ಅವರು ತಮ್ಮ ಸರದಿಗಾಗಿ ಕಾಯಬಹುದು. ಇಲ್ಲಿ ಗಮನಾರ್ಹ ಸಂಗತಿಯೊಂದಿದೆ. ಈ ಚಿಹ್ನೆಗಳನ್ನು ಗುರುತಿಸಲು ವೈದ್ಯರಿಗೂ ದಾದಿಯರಿಗೂ ಮಾತ್ರವಲ್ಲದೆ ದ್ವಾರಪಾಲಕನಿಗೆ, ಚೀಟಿ ಬರೆಯುವ ಗುಮಾಸ್ತನಿಗೆ, ನೆಲ ಒರೆಸುವವರಿಗೆ ಸಹ ಕಲಿಸಬೇಕೆಂದು ಕೈಪಿಡಿ ಹೇಳುತ್ತದೆ. ಏಕೆಂದರೆ ಮಗುವನ್ನು ಮೊತ್ತಮೊದಲು ಕಾಣುವವರು ಅವರೇ. ನಮ್ಮ ಕಡೆಯ ಎಷ್ಟು ಆಸ್ಪತ್ರೆಗಳಲ್ಲಿ ಕಾವಲುಗಾರನಿಗೆ ವಾಹನಗಳನ್ನು ಸಾಲಾಗಿ ನಿಲ್ಲಿಸುವುದಕ್ಕಿಂತ ಹೆಚ್ಚಿನದನ್ನು ಕಲಿಸಿದ್ದಾರೆಂದು ಓದುಗರೇ ಯೋಚಿಸಲಿ.

ಮಕ್ಕಳೆಂದರೆ ಗಾತ್ರದಲ್ಲಿ ಚಿಕ್ಕವರಾದ ವಯಸ್ಕರು ಎಂಬ ಭಾವನೆಯಿಂದ ವೈದ್ಯಶಾಸ್ತ್ರವೂ ನಿಧಾನವಾಗಿಯೇ ಹೊರಬಂದಿತು. ಅಮೆರಿಕದಂತಹ ಸಿರಿವಂತ ದೇಶದಲ್ಲಿಯೂ ಮಕ್ಕಳ ತುರ್ತು ಚಿಕಿತ್ಸೆಯನ್ನು ಪ್ರತ್ಯೇಕ ಉಪಶಾಖೆಯಾಗಿ ಪರಿಗಣಿಸಿ ತಜ್ಞತೆಯ ಪ್ರಥಮ ಪರೀಕ್ಷೆ ನಡೆದದ್ದು 1992ರಲ್ಲಿ. ವಯಸ್ಕನಿಗೆ ಒಂದು ಮಾತ್ರೆಯೆಂದರೆ ಒಂದು ಮಾತ್ರೆ. ಮಗುವಿಗಾದರೋ ಪ್ರತಿಯೊಂದು ಔಷಧವನ್ನೂ ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಬೇಕು; ದಶಾಂಶದ ಚುಕ್ಕೆ ಒಂದು ಸ್ಥಾನ ಜಾರಿದರೆ ಹತ್ತರಷ್ಟು ಔಷಧ ದೇಹ ಸೇರುತ್ತದೆ. ಸಾಯುತ್ತಿರುವ ಮಗುವನ್ನು ತಕ್ಕಡಿಯಲ್ಲಿಟ್ಟು ತೂಗುತ್ತಾ ಕೂರುವಂತಿಲ್ಲ. ಈ ಇಕ್ಕಟ್ಟಿಗೆ ಅಮೆರಿಕದ ಜೇಮ್ಸ್ ಬ್ರೋಸ್ಲೋ ಎಂಬ ವೈದ್ಯರು 1980ರ ದಶಕದಲ್ಲಿ ಸರಳ ಉಪಾಯವೊಂದನ್ನು ಯೋಚಿಸಿದರು. ದರ್ಜಿಯ ಪಟ್ಟಿಯಂತಹ ಬಣ್ಣಬಣ್ಣದ ಪಟ್ಟಿಯನ್ನು ಮಗುವಿನ ಪಕ್ಕದಲ್ಲಿ ಹಾಸಿದರೆ, ಉದ್ದದಿಂದ ತೂಕದ ಅಂದಾಜೂ ಆ ತೂಕಕ್ಕೆ ತಕ್ಕ ಔಷಧದ ಪ್ರಮಾಣವೂ ತಿಳಿಯುತ್ತದೆ. ಪ್ರಜ್ಞೆಯ ಮಟ್ಟವನ್ನು ಅಳೆಯುವ ವಿಷಯವೂ ಹೀಗೆಯೇ. ವಯಸ್ಕರಿಗೆ ಬಳಸುವ ಗ್ಲಾಸ್ಗೋ ಮಾನದಂಡವು ರೋಗಿ ಆಡುವ ಮಾತನ್ನು ಪರೀಕ್ಷಿಸುತ್ತದೆ. ಇನ್ನೂ ಮಾತು ಬಾರದ ಕೂಸಿಗೆ ಅದನ್ನು ಅನ್ವಯಿಸುವುದೆಂತು? ಬ್ಲಾಂಟೈರಿನಲ್ಲಿಯೇ ಮಾಲ್ಕಂ ಮೊಲಿನೂ, ಟೆರಿ ಟೇಲರ್ ಮೊದಲಾದವರು ಕೂಸಿನ ಅಳು, ಕಣ್ಣಿನ ಚಲನೆ ಮತ್ತು ನೋವಿಗೆ ತೋರುವ ಪ್ರತಿಕ್ರಿಯೆಯನ್ನು ಆಧರಿಸಿ ಸೊನ್ನೆಯಿಂದ ಐದರವರೆಗಿನ ಮಾನದಂಡವನ್ನು 1989ರಲ್ಲಿ ರೂಪಿಸಿದರು. ಅದು ಆ ಊರಿನ ಹೆಸರಿನಲ್ಲೇ ಪ್ರಸಿದ್ಧವಾಗಿದೆ.

ಇನ್ನೊಂದು ಸಂಗತಿ ತಂದೆತಾಯಂದಿರು ವಿಶೇಷವಾಗಿ ತಿಳಿದಿರಬೇಕಾದದ್ದು. ಮಗುವಿನ ದೇಹ ಬಹಳ ಹೊತ್ತಿನವರೆಗೆ ಸೋಲೊಪ್ಪುವುದಿಲ್ಲ. ರಕ್ತವೋ ನೀರೋ ಸಾಕಷ್ಟು ನಷ್ಟವಾದ ಮೇಲೂ ಹೃದಯ ವೇಗವಾಗಿ ಬಡಿದು ರಕ್ತದೊತ್ತಡವನ್ನು ಹಿಡಿದಿಡುತ್ತದೆ. ಒತ್ತಡ ಕುಸಿದಾಗ ಉಳಿದಿರುವ ಸಮಯ ಅತ್ಯಲ್ಪ. ಆದಕಾರಣ ಗಟ್ಟಿಯಾಗಿ ಅಳುತ್ತಿರುವ ಮಗುವಿಗಿಂತ ಮೂಲೆಯಲ್ಲಿ ಸದ್ದಿಲ್ಲದೆ ಮಲಗಿರುವ ಮಗುವನ್ನು ಅನುಭವಿ ದಾದಿ ಮೊದಲು ಎತ್ತಿಕೊಳ್ಳುತ್ತಾಳೆ. ಸಾಲಿನಲ್ಲಿ ನಿಂತವರಿಗೆ ಇದು ಪಕ್ಷಪಾತವಾಗಿ ಕಂಡರೆ ಆಶ್ಚರ್ಯವಿಲ್ಲ.

ಬೋಧನಾ ಆಸ್ಪತ್ರೆಯ ಮುಖ್ಯಸ್ಥರ ಮೇಲೆ ಇದಲ್ಲದೆ ಮತ್ತೊಂದು ಹೊರೆಯಿದೆ. ಅಲ್ಲಿ ಚಿಕಿತ್ಸೆ ನೀಡುವ ಕೈಗಳಲ್ಲಿ ಹಲವು ಇನ್ನೂ ಕಲಿಯುತ್ತಿರುವ ಕೈಗಳು. ಕೆಲವೇ ತಿಂಗಳಲ್ಲಿ ಒಂದು ತಂಡ ಹೋಗಿ ಹೊಸ ತಂಡ ಬರುತ್ತದೆ. ಕಲಿಸಿದ್ದನ್ನೆಲ್ಲ ಮೊದಲಿನಿಂದ ಕಲಿಸಬೇಕು. ಹಗಲಿನಲ್ಲಿ ಹಿರಿಯರು ಸುತ್ತಲೂ ಇರುತ್ತಾರೆ, ಆದರೆ ರೋಗಕ್ಕೆ ಹಗಲುರಾತ್ರಿಗಳ ಭೇದವಿಲ್ಲ. ರಾತ್ರಿ ಎರಡು ಗಂಟೆಗೆ ಬಾಗಿಲಲ್ಲಿ ನಿಂತ ಕಿರಿಯ ವೈದ್ಯನಿಗೆ ತನಗೆ ತಿಳಿಯದೆಂದು ಒಪ್ಪಿಕೊಂಡು ಹಿರಿಯರನ್ನು ಎಬ್ಬಿಸುವ ಧೈರ್ಯ ಇರಬೇಕಾದರೆ, ಎಬ್ಬಿಸಿದಾಗ ಗದರದ ಹಿರಿಯರು ಮೊದಲು ಇರಬೇಕು. ಆಮ್ಲಜನಕದ ಸಿಲಿಂಡರು ತುಂಬಿದೆಯೇ, ಕೂಸಿನ ಮುಖಕ್ಕೆ ಹೊಂದುವ ಚಿಕ್ಕ ಮುಖವಾಡ ತನ್ನ ಜಾಗದಲ್ಲಿದೆಯೇ ಎಂದು ಪ್ರತಿ ಬೆಳಿಗ್ಗೆ ನೋಡುವುದು, ರಕ್ತನಿಧಿಯವರೊಂದಿಗೆ ಜಗಳವಾಡದೆ ಸ್ನೇಹದಿಂದಿರುವುದು, ವಾರ್ಡಿನಲ್ಲಿ ಹಾಸಿಗೆ ದೊರಕಿಸುವುದು, ಸತ್ತ ಪ್ರತಿಯೊಂದು ಮಗುವಿನ ಕಡತವನ್ನು ತೆರೆದು ಎಲ್ಲಿ ತಡವಾಯಿತೆಂದು ಎಲ್ಲರೆದುರು ಕೇಳುವುದು, ಇವು ಯಾವ ಸನ್ಮಾನ ಪತ್ರದಲ್ಲಿಯೂ ಕಾಣಿಸದ ಕೆಲಸಗಳು. ಆ ಕೊನೆಯ ಪ್ರಶ್ನೆಯನ್ನು ಅಪರಾಧಿಯನ್ನು ಹುಡುಕುವ ದನಿಯಲ್ಲಿ ಕೇಳಿದರೆ ಮುಂದಿನ ವಾರದಿಂದ ಕಡತಗಳೇ ಸುಳ್ಳು ಹೇಳತೊಡಗುತ್ತವೆ. ಯಾವುದೇ ಸಂಸ್ಥೆಯನ್ನು ನಡೆಸಿದವರಿಗೆ ಈ ಮಾತು ಅರ್ಥವಾದೀತು.

ತಾನು ಕಲಿಸಿದ್ದನ್ನೇ ಬಿಟ್ಟುಕೊಡಬೇಕಾದ ಸಂದರ್ಭವೂ ಬರುತ್ತದೆ. ತೀವ್ರ ಸೋಂಕಿನಿಂದ ಕೈಕಾಲು ತಣ್ಣಗಾದ ಮಗುವಿಗೆ ರಕ್ತನಾಳದ ಮೂಲಕ ದ್ರವವನ್ನು ಶೀಘ್ರವಾಗಿ ಕೊಡಬೇಕೆಂಬುದು ದಶಕಗಳ ಕಾಲ ಬೋಧಿಸಲ್ಪಟ್ಟ ಪಾಠ. ಕ್ಯಾಥರಿನ್ ಮೈಟ್ಲೆಂಡ್ ಎಂಬ ವೈದ್ಯೆಯ ನೇತೃತ್ವದಲ್ಲಿ ಕೀನ್ಯಾ, ಉಗಾಂಡಾ ಮತ್ತು ತಾಂಜಾನಿಯಾ ದೇಶಗಳ ಆರು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಲಾಯಿತು. ಅವುಗಳಲ್ಲಿ ಉಗಾಂಡಾದ ಲಾಚೋರ್‌ನಲ್ಲಿರುವ ಸಂತ ಮರಿಯಳ ಹೆಸರಿನ ಕಥೋಲಿಕ ಆಸ್ಪತ್ರೆಯೂ ಒಂದು. ಅಧ್ಯಯನಕ್ಕೆ ಒಳಪಟ್ಟ ಮಕ್ಕಳು 3,141. ಫಲಿತಾಂಶ 2011ರಲ್ಲಿ ಹೊರಬಂದಾಗ ವೈದ್ಯಲೋಕ ಬೆಚ್ಚಿತು. ಶೀಘ್ರ ದ್ರವ ಪಡೆದ ಎರಡು ಗುಂಪುಗಳಲ್ಲಿ 48 ಗಂಟೆಗಳೊಳಗೆ ನೂರಕ್ಕೆ 10.6 ಮತ್ತು 10.5 ಮಕ್ಕಳು ಸತ್ತರು. ಅದನ್ನು ಕೊಡದಿದ್ದ ಗುಂಪಿನಲ್ಲಿ ಸತ್ತವರು 7.3. ವಾಂತಿಭೇದಿಯಿಂದ ನೀರು ಕಳೆದುಕೊಂಡ ಮಕ್ಕಳು ಈ ಅಧ್ಯಯನದಲ್ಲಿರಲಿಲ್ಲ. ಅವರಿಗೆ ದ್ರವವೇ ಜೀವ, ಆ ವಿಷಯದಲ್ಲಿ ಗೊಂದಲ ಬೇಡ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸೂಚನೆಗಳನ್ನು ಪರಿಷ್ಕರಿಸಿತು. ನಿನ್ನೆಯವರೆಗೆ ಹೀಗೆ ಮಾಡಿರೆಂದು ಶಿಷ್ಯರಿಗೆ ಹೇಳಿದ ಅಧ್ಯಾಪಕನು ಇಂದು ಅದೇ ಕೊಠಡಿಯಲ್ಲಿ ನಿಂತು ಹೀಗೆ ಮಾಡಬೇಡಿರೆಂದು ಹೇಳಬೇಕಾಗುತ್ತದೆ. ತತ್ವಶಾಸ್ತ್ರದ ಅಧ್ಯಾಪಕರಿಗೆ ಈ ಬಗೆಯ ಸಂಕಟ ಅಪರೂಪ. ನಮ್ಮ ತಪ್ಪುಗಳಿಗೆ 48 ಗಂಟೆಗಳಲ್ಲಿ ಲೆಕ್ಕ ಸಿಗುವುದಿಲ್ಲ.

ಇನ್ನು ಶಿಫಾರಸಿನ ಮಾತು. ಇಷ್ಟು ಶ್ರಮದಿಂದ ಕಟ್ಟಿದ ವ್ಯವಸ್ಥೆಯನ್ನು ಕೆಡವಲು ಒಂದು ದೂರವಾಣಿ ಕರೆ ಸಾಕು. ನಿರ್ದೇಶಕರ ಕೊಠಡಿಯಿಂದ "ಆ ಮಗುವನ್ನು ಮೊದಲು ನೋಡಿ" ಎಂಬ ಸಂದೇಶ ಬಂದರೆ, ಬಾಗಿಲಲ್ಲಿ ನಿಂತ ದಾದಿ ಎರಡು ಚಿಹ್ನೆಗಳನ್ನು ನೋಡತೊಡಗುತ್ತಾಳೆ: ಒಂದು ಮಗುವಿನ ಉಸಿರು, ಇನ್ನೊಂದು ಮಗುವಿನ ತಂದೆಯ ಪರಿಚಯ. ಇದು ಕ್ರಮೇಣ ಅಭ್ಯಾಸವಾಗುತ್ತದೆ. ಸಂತ ಥಾಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ಮುಖದಾಕ್ಷಿಣ್ಯವೆಂಬ ಪಾಪಕ್ಕೆ ಪ್ರತ್ಯೇಕ ಪ್ರಶ್ನೆಯೊಂದನ್ನೇ ಮೀಸಲಿಟ್ಟಿದ್ದಾರೆ. ಕೊಡತಕ್ಕದ್ದನ್ನು ಅದಕ್ಕೆ ಸಂಬಂಧಪಟ್ಟ ಪಾತ್ರತೆಯನ್ನು ನೋಡಿ ಕೊಡುವುದು ನ್ಯಾಯ. ಇವನು ನಮ್ಮವನು, ಇವನು ಸಿರಿವಂತ ಎಂದು ಕೊಡುವುದು ಹಂಚಿಕೆಯ ನ್ಯಾಯಕ್ಕೆ ವಿರುದ್ಧವೆಂದು ಅವರ ನಿರ್ಣಯ. ತುರ್ತು ಚಿಕಿತ್ಸೆಯಲ್ಲಿ ಪಾತ್ರತೆಯೆಂದರೆ ಅಪಾಯದ ಮಟ್ಟವೊಂದೇ. ನಮ್ಮ ಸಭೆಯ ಆಸ್ಪತ್ರೆ, ನಮ್ಮ ಹಿರಿಯರ ಕಾಣಿಕೆಯಿಂದ ಎದ್ದ ಕಟ್ಟಡ, ಆದ್ದರಿಂದ ನಮಗೊಂದಿಷ್ಟು ಆದ್ಯತೆ ಎಂದು ವಾದಿಸುವವರಿದ್ದಾರೆ. ಆ ಹಿರಿಯರು ಕಾಣಿಕೆ ಕೊಟ್ಟದ್ದು ಯಾರಿಗಾಗಿ ಎಂಬುದನ್ನು ಅವರ ಕಾಲದ ವರದಿಗಳಲ್ಲಿ ಓದಿ ನೋಡಬಹುದು.

ಪತ್ರದ ಅಗತ್ಯ ಕಾನೂನಿನ ದೃಷ್ಟಿಯಿಂದಲೂ ಇಲ್ಲ. ಜೀವಾಪಾಯದಲ್ಲಿರುವವರಿಗೆ ತಡಮಾಡದೆ ಚಿಕಿತ್ಸೆ ನೀಡುವುದು ಸರ್ಕಾರಿ ಅಥವಾ ಖಾಸಗಿ ಎಂಬ ಭೇದವಿಲ್ಲದೆ ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ತೀರ್ಪಿತ್ತಿದೆ. ಕಾಯಿಸಿದರೆಂಬ ಸಿಟ್ಟಿಗೆ ವೈದ್ಯರ ಮೇಲೆ ಕೈಮಾಡುವ, ಗಾಜು ಒಡೆಯುವ ದುರಭ್ಯಾಸದ ವಿರುದ್ಧ ಕರ್ನಾಟಕವು 2009ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಗಿ ಬಂದಿತು. ಅದೇ ವೇಳೆ ಆಸ್ಪತ್ರೆಗಳ ಲೋಪವನ್ನೂ ಮುಚ್ಚಿಡಬಾರದು. ನಿಮ್ಮ ಮಗುವನ್ನು ನೋಡಿದ್ದೇವೆ, ಸದ್ಯಕ್ಕೆ ಅಪಾಯವಿಲ್ಲ, ಇನ್ನೂ ಇಷ್ಟು ಹೊತ್ತು ಕಾಯಬೇಕಾದೀತು ಎಂದು ಒಬ್ಬರು ಬಂದು ಹೇಳಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಆ ಎರಡು ವಾಕ್ಯಗಳಿಗೆ ಯಂತ್ರೋಪಕರಣ ಬೇಕಿಲ್ಲ. ಬ್ಲಾಂಟೈರಿನ ಪಾಠ ನಮ್ಮ ದೇಶಕ್ಕೆ ಹೊಸತೂ ಅಲ್ಲ: 2009ರಲ್ಲಿ ಕೇಂದ್ರ ಸರ್ಕಾರ ಆಸ್ಪತ್ರೆಗಳ ವೈದ್ಯರಿಗೂ ದಾದಿಯರಿಗೂ ರೂಪಿಸಿದ ಮಕ್ಕಳ ಚಿಕಿತ್ಸೆಯ ತರಬೇತಿಯಲ್ಲಿ ಇದೇ ವಿಂಗಡಣೆಯ ಕ್ರಮ ಸೇರಿದೆ. ನಮ್ಮ ಕುಟುಂಬಗಳ ಎಷ್ಟೋ ಹೆಣ್ಣುಮಕ್ಕಳು ಇಲ್ಲಿಯೂ ಕೊಲ್ಲಿ ದೇಶಗಳಲ್ಲಿಯೂ ಇಂತಹ ಬಾಗಿಲುಗಳಲ್ಲಿ ನಿಂತು ದುಡಿಯುತ್ತಿದ್ದಾರೆ. ರಜೆಯಲ್ಲಿ ಊರಿಗೆ ಬಂದಾಗ ಅಲ್ಲಿನ ಸಂಬಳವನ್ನು ಮಾತ್ರ ಕೇಳದೆ, ಒಂದು ರಾತ್ರಿಯ ಪಾಳಿಯಲ್ಲಿ ಯಾರನ್ನು ಕಾಯಿಸಿದೆ, ಹೇಗೆ ನಿರ್ಧರಿಸಿದೆ ಎಂದೂ ಅವರನ್ನು ಕೇಳಬೇಕು.

ಮನೆಯವರು ಮಾಡಬಹುದಾದದ್ದು ಪತ್ರ ತರುವುದಕ್ಕಿಂತ ಸುಲಭ. ಮಗು ಕೊನೆಯ ಬಾರಿ ಮೂತ್ರ ಮಾಡಿದ್ದು ಯಾವಾಗ, ಏನು ಕುಡಿಯಿತು, ಯಾವ ಔಷಧವನ್ನು ಎಷ್ಟು ಹೊತ್ತಿಗೆ ಕೊಟ್ಟಿರಿ ಎಂಬುದನ್ನು ಬಾಗಿಲಲ್ಲಿರುವ ದಾದಿಗೆ ನೇರವಾಗಿ ತಿಳಿಸಬೇಕು. ಔಷಧದ ಬಾಟಲಿಯನ್ನೇ ಕೈಯಲ್ಲಿ ತಂದರೆ ಇನ್ನೂ ಒಳಿತು. ವಿಂಗಡಣೆ ಒಮ್ಮೆ ಮಾಡಿ ಮುಗಿಯುವ ಕೆಲಸವಲ್ಲ. ಕಾಯುತ್ತಿರುವಾಗ ಉಸಿರಾಡಲು ಪಕ್ಕೆ ಒಳಸೆಳೆಯತೊಡಗಿದರೆ, ಕೈಕಾಲು ತಣ್ಣಗಾದರೆ, ಮಗು ಕರೆದರೂ ಕಣ್ಣು ತೆರೆಯದಿದ್ದರೆ, ಸೆಳವು ಬಂದರೆ, ಸಂಕೋಚವಿಲ್ಲದೆ ಎದ್ದು ಹೋಗಿ ಮತ್ತೆ ಹೇಳಬೇಕು. ಆಗ ಸಾಲನ್ನು ದಾಟುವುದು ಮಗುವಿನ ಹಕ್ಕು. ಒಳಗೆ ಕೇಳುವ ಮೊದಲ ಪ್ರಶ್ನೆಗಳಲ್ಲಿ ತೂಕ ಒಂದು. ಬಹುತೇಕ ತಂದೆಯರಿಗೆ ಅದು ತಿಳಿದಿರುವುದಿಲ್ಲ. ಚುಚ್ಚುಮದ್ದಿನ ಕಾರ್ಡಿನ ಹಿಂಬದಿಯಲ್ಲಿ ಎರಡು ತಿಂಗಳಿಗೊಮ್ಮೆ ದಿನಾಂಕದೊಂದಿಗೆ ಅದನ್ನು ಬರೆದಿಡಬಹುದು. ಅಂಗನವಾಡಿಯ ತಕ್ಕಡಿ ಸಾಕು.